ತೊಣ್ಣೂರು: ಕೆರೆ, ಅಗ್ರಹಾರ, ಯುದ್ಧಭೂಮಿ (ಪರೀಕ್ಷಾ ಟಿಪ್ಪಣಿ)

ಮಂಡ್ಯ ಜಿಲ್ಲೆ ಪಾಂಡವಪುರ ತಾಲ್ಲೂಕಿನ ತೊಣ್ಣೂರನ್ನು (ತೊಂಡನೂರು) ಬಹುತೇಕ ಗೈಡುಗಳು ಮೇಲುಕೋಟೆಯ ಅಡಿಟಿಪ್ಪಣಿಯಾಗಿ ಮುಗಿಸಿಬಿಡುತ್ತವೆ. ಅದು ಸರಿಯಲ್ಲ. ಹೊಯ್ಸಳರ ಕಾಲದ ಶಾಸನಗಳಲ್ಲಿ ಇದು 'ಯಾದವನಾರಾಯಣ ಚತುರ್ವೇದಿಮಂಗಲ', ಅಂದರೆ ಅಗ್ರಹಾರ. ಇಲ್ಲಿನ ಶಾಸನಗಳಲ್ಲಿ ತಮಿಳಿನವೂ ಇವೆ. ತಮಿಳು ವೈಷ್ಣವರ ನೆಲೆ ಇಲ್ಲಿತ್ತೆಂಬುದಕ್ಕೆ ಅವೇ ಸಾಕ್ಷಿ. ನಂಬಿನಾರಾಯಣ, ಗೋಪಾಲಕೃಷ್ಣ, ಯೋಗನರಸಿಂಹ ಗುಡಿಗಳ ಜೊತೆ ಕೈಲಾಸೇಶ್ವರನ ಶಿವಾಲಯವೂ ಇರುವುದರಿಂದ ಊರನ್ನು ಕೇವಲ ವೈಷ್ಣವ ಕ್ಷೇತ್ರವೆನ್ನುವುದೂ ಅರ್ಧಸತ್ಯ. ಇಷ್ಟು ದೊಡ್ಡ ಅಗ್ರಹಾರವನ್ನು ಸಾಕಿದ್ದು ಕೆರೆಯ ನೀರು. ಎರಡು ಕಲ್ಲುಗುಡ್ಡಗಳ ನಡುವಿನ ಕಿರಿದಾದ ಕಂಡಿಗೆ ಅಡ್ಡಲಾಗಿ ಏರಿ ಕಟ್ಟಿದ್ದಾರೆ. ಗುಡ್ಡಗಳೇ ಗೋಡೆಯಾದ್ದರಿಂದ ಏರಿಯ ಉದ್ದ ಕಡಿಮೆ, ನೀರಿನ ಆಳ ಹೆಚ್ಚು.

ಕೆರೆ ಕಟ್ಟಿಸಿದವರು ರಾಮಾನುಜರಲ್ಲವೇ, ಹಾಗಾದರೆ ಧರ್ಮವೇ ಮೊದಲಲ್ಲವೇ ಎಂದು ಕೇಳಬಹುದು. ಕೆರೆಗೆ ತಿರುಮಲಸಾಗರ ಎಂದು ಹೆಸರಿಟ್ಟವರು ಅವರೆಂಬುದು ಸಂಪ್ರದಾಯದ ಮಾತು. ಅದನ್ನು ಒಪ್ಪಿದರೂ ನೆಲೆ ನಿಲ್ಲಲು ನೀರು ಬೇಕಿತ್ತೆಂಬ ವಾದ ಗಟ್ಟಿಯಾಗುತ್ತದೆಯೇ ಹೊರತು ಸಡಿಲಾಗುವುದಿಲ್ಲ. ಸೈನ್ಯಗಳೂ ಇದೇ ನೀರಿನ ಬಳಿಗೆ ಬಂದವು. 1746ರಲ್ಲಿ ಇಲ್ಲಿ ಬೀಡುಬಿಟ್ಟ ನಿಜಾಮನ ಮಗ ನಾಸಿರ್ ಜಂಗ್ ತಿಳಿನೀರು ನೋಡಿ ಇಟ್ಟ ಹೆಸರು ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ (ಟಿಪ್ಪು ಇಟ್ಟದ್ದೆಂದು ಬರೆದು ಅಂಕ ಕಳೆದುಕೊಳ್ಳಬೇಡಿ). 1771ರಲ್ಲಿ ಹತ್ತಿರದ ಚಿನಕುರಳಿಯಲ್ಲಿ ಮರಾಠರು ಹೈದರಾಲಿಯನ್ನು ಸೋಲಿಸಿದರು.

ಪಂಚನಾರಾಯಣ ಎನ್ನುವ ಐದು ನಾರಾಯಣ ಗುಡಿಗಳಲ್ಲಿ ತೊಣ್ಣೂರಿನದೂ ಒಂದು. ಆ ಪ್ರಶ್ನೆಯಲ್ಲಿ ಹೊಂದಿಸಿ ಬರೆಯುವಾಗ ಎಚ್ಚರ: ಬೇಲೂರು ವಿಜಯನಾರಾಯಣ, ತಲಕಾಡು ಕೀರ್ತಿನಾರಾಯಣ, ಮೇಲುಕೋಟೆ ಚೆಲುವನಾರಾಯಣ, ಗದಗ ವೀರನಾರಾಯಣ, ತೊಣ್ಣೂರು ನಂಬಿನಾರಾಯಣ.