ಅಂಬರನಾಥದ ಪಡಿಯಚ್ಚುಗಳು



ಕಲ್ಯಾಣದಿಂದ ಕರ್ಜತ್ ಕಡೆಗೆ ಹೋಗುವಾಗ ಮೂರನೆಯ ನಿಲ್ದಾಣ ಅಂಬರನಾಥ. ಅಲ್ಲಿಯ ಶಿವಾಲಯದ ಶಾಸನದ ಕಾಲ ಶಕ 982, ಎಂದರೆ ಕ್ರಿ.ಶ. 1060, ಅರಸನು ಶಿಲಾಹಾರ ಮುಮ್ಮುಣಿ. ಈ ವಂಶದ ಹಿರಿಯರು ನಮ್ಮ ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರು.

1868ರಲ್ಲಿ ಸರಕಾರದ ಅಪ್ಪಣೆಯಂತೆ ಮುಂಬಯಿ ಕಲಾಶಾಲೆಯ ಟೆರ್ರಿ ಸಾಹೇಬರ ತಂಡವು ಇಲ್ಲಿಗೆ ಬಂದು, ಶಿಲ್ಪಗಳ ಚಿತ್ರ ಬರೆದು ಅಚ್ಚು ತೆಗೆಯಿತು.

ಪಡಿಯಚ್ಚು ಮಾಡುವ ಸಾಮಾನ್ಯ ಕ್ರಮ ಹೀಗಿದೆ. ಶಿಲ್ಪದ ಮೇಲೆ ಜೇಡಿಮಣ್ಣಿನಂಥ ಮೆತ್ತನೆಯ ವಸ್ತುವನ್ನು ಒತ್ತಿ, ತುಂಡುತುಂಡಾಗಿ ಬಿಡಿಸಿ ಜೋಡಿಸಿದರೆ ಪೊಳ್ಳು ಅಚ್ಚು ಸಿದ್ಧ. ಸುಟ್ಟ ಜಿಪ್ಸಮ್ಮಿನ ಪುಡಿಯನ್ನು ನೀರಿನಲ್ಲಿ ಕಲಸಿ ಅದರೊಳಗೆ ಹೊಯ್ಯಬೇಕು. ಗಟ್ಟಿಯಾಗುವಾಗ ಅದು ತುಸು ಹಿಗ್ಗುವುದರಿಂದ ಕೂದಲೆಳೆಯಂಥ ಗೆರೆಯೂ ಮೂಡುತ್ತದೆ.

ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಇಂಥ ಪಡಿಯಚ್ಚುಗಳಿಗೆಂದೇ 1873ರಲ್ಲಿ ತೆರೆದ ದೊಡ್ಡ ಅಂಗಣಗಳಿವೆ. ಅವುಗಳಲ್ಲಿ ಕೆಲವುದರ ಮೂಲ ಶಿಲ್ಪ ಈಗಿಲ್ಲ, ಪಡಿಯಚ್ಚೇ ಸಾಕ್ಷಿ.

ಅಸಲು ಕಾಗದ ಕಳೆದಾಗ ನಕಲೇ ಗತಿಯೆಂಬುದು ಗುಮಾಸ್ತರಾದ ನಮಗೆ ಗೊತ್ತು. ಹಾಗೆಂದು ನಕಲಿದೆಯೆಂಬ ಧೈರ್ಯದಿಂದ ಅಸಲನ್ನು ಹರಿಯುವವರುಂಟೇ? ಅಂಬರನಾಥದ ಕಲ್ಲು ಮಳೆಗಾಳಿಗೆ ಸವೆದಿದೆ. ಒಂದು ಭಾನುವಾರ ಮಕ್ಕಳೊಡನೆ ಹೋಗಿ ನೋಡೋಣ. ಗೋಡೆಯ ಮೂರ್ತಿಗಳಿಗೆ ಎಣ್ಣೆ, ಕುಂಕುಮ ಹಚ್ಚದೆ, ಕಣ್ಣಿನಿಂದಲೇ ಮುಟ್ಟಿ ಬರೋಣ.