ಕರೆಂಟ್ ಹೋದಾಗಲೂ ನಡೆಯುವ ಪಿಯಾನೋ ಪಾಠ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಪಿಯಾನೋ ಪಾಠವೆಂದರೆ ಹೆಚ್ಚಾಗಿ 61 ಕೀಗಳ ಎಲೆಕ್ಟ್ರಾನಿಕ್ ಕೀಬೋರ್ಡಿನ ಪಾಠವೇ. 88 ಕೀಗಳ ಮರದ ಪಿಯಾನೋ ನಮ್ಮ ಮಳೆಗಾಲದ ತೇವಕ್ಕೆ ಬೇಗ ಶ್ರುತಿ ತಪ್ಪುತ್ತದೆ. ಕಲಿಯಲು ಬರುವ ಮಕ್ಕಳು ಮೊದಲು ಕೇಳುವುದು ಹಾಡು. ‘ಕಾಂತಾರ’ ಬಂದ 2022ರಿಂದ ಈಚೆಗೆ “ಟೀಚರ್, ಸಿಂಗಾರ ಸಿರಿಯೆ ಯಾವಾಗ ಹೇಳಿಕೊಡ್ತೀರಿ?” ಎಂದು ಕೇಳಿದವರು ಬಹಳ. ತಂದೆ ತಾಯಿಯ ಪ್ರಶ್ನೆ ಬೇರೆ: “ಪರೀಕ್ಷೆಗೆ ಯಾವಾಗ ಕೂರಿಸ್ತೀರಿ?”

ಮಗು ಕೇಳಿದ ಹಾಡನ್ನು ಮುಂದೂಡಬಾರದು ಎಂಬುದು ನನ್ನ ಅನುಭವ. ಸ್ಕೇಲ್ ಮುಗಿಸಿದರೆ ಹಾಡು ಎಂಬ ಆಸೆ ತೋರಿಸಿದರೆ ಮಗುವಿಗೆ ಸ್ಕೇಲ್ ಶಿಕ್ಷೆಯಾಗಿಯೇ ಉಳಿಯುತ್ತದೆ. ಆದ್ದರಿಂದ ಮೊದಲ ವಾರವೇ ಆ ಹಾಡಿನ ಒಂದು ಸಾಲು ಎತ್ತಿಕೊಳ್ಳುತ್ತೇನೆ. ಮೊದಲು ಬಾಯಲ್ಲಿ ಹಾಡಬೇಕು. ಆಮೇಲೆ ಕೈಯಲ್ಲಿ ತಾಳ ಹಾಕಬೇಕು. ಮೊದಲ ಸ್ವರ ಯಾವ ಕೀಯಲ್ಲಿದೆ ಎಂದು ಕಿವಿಯಿಂದಲೇ ಹುಡುಕಬೇಕು. ಎಷ್ಟು ಹೊತ್ತಾದರೂ ನಾನು ತೋರಿಸುವುದಿಲ್ಲ. ಸಿಕ್ಕಿದ ಮೇಲೆ ಎಡಗೈಗೆ ಷಡ್ಜ, ಪಂಚಮ. ಬರೆಯುವುದು ಕೊನೆಗೆ. ತಾನೇ ಹುಡುಕಿದ ಸ್ವರವನ್ನು ಐದು ಗೆರೆಯ ಮೇಲೆ ಕಂಡಾಗ ಮಗುವಿಗೆ ಅದು ಗುರುತಿನ ಮುಖ.

ಮೊಬೈಲಿನಲ್ಲಿ ಮೇಲಿಂದ ಬೀಳುವ ಬಣ್ಣದ ಪಟ್ಟಿ ನೋಡಿ ನುಡಿಸಲು ಕಲಿತವರೂ ಬರುತ್ತಾರೆ. ಬೆರಳು ಚುರುಕು, ಕೇಳಲೂ ಚೆನ್ನ. ಆದರೆ ಅದೇ ಹಾಡನ್ನು ನಡುವಿನಿಂದ ಶುರುಮಾಡು, ಇಲ್ಲವೇ ಒಂದು ಸ್ವರ ಕೆಳಗಿನಿಂದ ನುಡಿಸು ಎಂದರೆ ನಿಂತುಬಿಡುತ್ತಾರೆ. ಅವರಿಗೆ ಹೊಸ ಹಾಡು ಕೊಡುವುದಿಲ್ಲ. ಬರುವ ಹಾಡನ್ನೇ ಹಾಡಿಸುತ್ತೇನೆ.

ನಮ್ಮ ಊರಿನ ಮಕ್ಕಳು ಬರಿಗೈಯಲ್ಲಿ ಬರುವುದಿಲ್ಲ. ಕುಣಿತ ಭಜನೆಯ ತಂಡದಲ್ಲಿ ಹೆಜ್ಜೆ ಹಾಕಿದ ಹುಡುಗಿಗೆ ತಾಳ ಕಾಲಲ್ಲೇ ಇರುತ್ತದೆ. ಯಕ್ಷಗಾನ ಕಲಿತ ಹುಡುಗನಿಗೆ ಏಳು ಅಕ್ಷರದ ತ್ರಿವುಡೆ, ಹತ್ತು ಅಕ್ಷರದ ಝಂಪೆ ಸಹಜ. ಪಿಯಾನೋದ ಆರಂಭದ ಪುಸ್ತಕಗಳು ಹೆಚ್ಚಾಗಿ ಮೂರು, ನಾಲ್ಕು ಎಣಿಕೆಯಲ್ಲೇ ಸುತ್ತುತ್ತವೆ. ಹಂಗೇರಿಯ ಬೇಲಾ ಬಾರ್ಟೋಕ್ ‘ಮೈಕ್ರೋಕಾಸ್ಮೋಸ್’ ಎಂಬ 153 ಕೃತಿಗಳ ಆರು ಸಂಪುಟಗಳಲ್ಲಿ ಏಳು ಎಣಿಕೆಯ ಬಲ್ಗೇರಿಯನ್ ನೃತ್ಯವನ್ನು ಕೊನೆಯ ಸಂಪುಟಕ್ಕೆ ಇಟ್ಟ. ಆ ಎಣಿಕೆ ನಮ್ಮ ಹುಡುಗನಿಗೆ ಆಟ. ಅವನಿಗೆ ಎರಡೇ ಸ್ವರ ಕೊಟ್ಟು ತ್ರಿವುಡೆಯಲ್ಲಿ ನುಡಿಸು ಎಂದರೆ ತಾನೇ ಒಂದು ತುಣುಕು ಕಟ್ಟುತ್ತಾನೆ. ಚರ್ಚಿನ ಗಾಯನವೃಂದದಲ್ಲಿ ಬೆಳೆದ ಮಕ್ಕಳಿಗೆ ಇನ್ನೊಂದು ಬಲ: ಒಂದೇ ಹೊತ್ತಿಗೆ ಎರಡು ಮೂರು ಧ್ವನಿ ಕೇಳಿ ಗೊತ್ತಿರುವುದರಿಂದ ಎಡಗೈ ಅವರಿಗೆ ಬೇಗ ಒಗ್ಗುತ್ತದೆ. ಇಬ್ಬರನ್ನೂ ಒಂದೇ ಕೀಬೋರ್ಡಿನ ಮುಂದೆ ಕೂರಿಸಿದರೆ ನಾನು ಹೇಳಬೇಕಾದ ಅರ್ಧ ಪಾಠವನ್ನು ಅವರೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ.

ಬೆರಳಿನ ಅಭ್ಯಾಸಕ್ಕೆ ಸರಳೆ, ಜಂಟಿ ವರಸೆಗಳನ್ನೇ ಬಳಸುತ್ತೇನೆ. ಪುರಂದರದಾಸರು ಹಾಕಿಕೊಟ್ಟದ್ದೆಂದು ಸಂಪ್ರದಾಯ ಹೇಳುವ ಈ ಕ್ರಮದ ರಾಗ ಮಾಯಾಮಾಳವಗೌಳ. ‘ಸಿ’ಯನ್ನು ಷಡ್ಜವಾಗಿ ಇಟ್ಟುಕೊಂಡರೆ ಸ ರಿ ಗ ಮ: ಬಿಳಿ, ಕಪ್ಪು, ಬಿಳಿ, ಬಿಳಿ. ಪ ದ ನಿ ಸ: ಮತ್ತೆ ಬಿಳಿ, ಕಪ್ಪು, ಬಿಳಿ, ಬಿಳಿ. ಇದನ್ನು ಮಕ್ಕಳೇ ಕಂಡುಹಿಡಿಯುವವರೆಗೆ ನಾನು ಬಾಯಿ ಬಿಡುವುದಿಲ್ಲ. ಎಡಗೈಗೆ ಮೊದಲರ್ಧ, ಬಲಗೈಗೆ ಉಳಿದರ್ಧ ಹಂಚಿದರೆ ಎರಡೂ ಕೈಗೆ ಸಮ ಕೆಲಸ. ಗಮಕ ಮಾತ್ರ ಕೀಬೋರ್ಡಿನಲ್ಲಿ ಬರುವುದಿಲ್ಲ. ಅದನ್ನು ಹಾಡಿಯೇ ತಿಳಿಯಬೇಕು.

ಜೂನ್, ಜುಲೈಯಲ್ಲಿ ಪಾಠದ ನಡುವೆ ಕರೆಂಟ್ ಹೋಗುವುದು ಇಲ್ಲಿ ಮಾಮೂಲು. ಆಗ ಕೀಬೋರ್ಡ್ ಮುಚ್ಚಿ ತಾಳ ಹಾಕುತ್ತೇವೆ, ಒಬ್ಬರು ಹಾಡಿದ್ದನ್ನು ಇನ್ನೊಬ್ಬರು ತಿರುಗಿ ಹೇಳುತ್ತಾರೆ, ಯಾರದೋ ಅಜ್ಜಿ ನಾಟಿಯ ಹೊತ್ತಿಗೆ ಹಾಡುತ್ತಿದ್ದ ಓಬೇಲೆ ಹೊರಬರುತ್ತದೆ. ಮಕ್ಕಳ ಕಿವಿ ಹೆಚ್ಚು ಬೆಳೆದದ್ದು ಈ ಕತ್ತಲ ಪಾಠಗಳಲ್ಲೇ ಎಂದು ನನಗೆ ಅನ್ನಿಸಿದೆ. ಈಗ ಕರೆಂಟ್ ಇದ್ದಾಗಲೂ ಪಾಠದ ಒಂದು ಭಾಗವನ್ನು ಹೀಗೆಯೇ ನಡೆಸುತ್ತೇನೆ.

ಪರೀಕ್ಷೆ ಬೇಡವೆಂದಲ್ಲ. ಟ್ರಿನಿಟಿ ಸಂಸ್ಥೆಯ ಸಂಗೀತ ಗ್ರೇಡ್ ಪರೀಕ್ಷೆಗಳಿಗೆ ಒಂದು ಕ್ರಮವಿದೆ. ಮಗು ತಯಾರಾದಾಗ ಅದು ಒಳ್ಳೆಯ ಗುರಿ. ಆದರೆ ಬೆರಳೆಣಿಕೆಯ ಕೃತಿಗಳನ್ನೇ ವರ್ಷವಿಡೀ ತಿಕ್ಕುತ್ತಾ ಕೂತರೆ ಬೇರೆ ಯಾವ ಹಾಡೂ ಕಿವಿಗೆ ಬೀಳುವುದಿಲ್ಲ.

ತಂದೆ ತಾಯಿಯಲ್ಲಿ ನನ್ನ ಕೋರಿಕೆ ಇಷ್ಟು. ಕೀಬೋರ್ಡ್ ಕೊಳ್ಳುವಾಗ ಮೆಲ್ಲಗೆ ಒತ್ತಿದರೆ ಮೆಲುದನಿ, ಜೋರಾಗಿ ಒತ್ತಿದರೆ ಜೋರುದನಿ ಬರುವಂಥದ್ದನ್ನೇ ಆರಿಸಿ. ಮೊದಲ ಎರಡು ವರ್ಷ ಪ್ರಮಾಣಪತ್ರ ಕೇಳಬೇಡಿ. ದಿನಕ್ಕೆ ಹತ್ತು ನಿಮಿಷ ಮಗುವಿನ ಪಕ್ಕ ಕೂತು, ಅದು ನುಡಿಸುವಾಗ ನೀವೂ ಹಾಡಿ.