ಪಾದ ತೊಳೆಯುವ ವಿಧಿ: ಮೊದಲ ಸಲ ನೋಡುವವರಿಗೆ

ಈಸ್ಟರ್ ಹಬ್ಬಕ್ಕೆ ಮುಂಚಿನ ಗುರುವಾರ ಸಂಜೆ ಕಥೋಲಿಕ ಚರ್ಚಿಗೆ ಮೊದಲ ಸಲ ಬಂದವರು ಒಂದು ದೃಶ್ಯ ಕಂಡು ತಬ್ಬಿಬ್ಬಾಗುತ್ತಾರೆ. ಪ್ರಬೋಧನೆ ಮುಗಿದ ಮೇಲೆ ಗುರುಗಳು ಮೇಲಂಗಿ ತೆಗೆದಿಟ್ಟು, ಸೊಂಟಕ್ಕೆ ಟವೆಲ್ ಕಟ್ಟಿಕೊಂಡು, ಸಾಲಾಗಿ ಕೂತವರ ಮುಂದೆ ಒಬ್ಬೊಬ್ಬರಿಗೂ ಮಂಡಿಯೂರಿ ಕಾಲಿಗೆ ನೀರು ಹುಯ್ದು ಒರೆಸುತ್ತಾರೆ. ಕೂತವರಲ್ಲಿ ಆಟೋ ಓಡಿಸುವವರಿರಬಹುದು, ಶಾಲೆಯ ಹುಡುಗಿಯಿರಬಹುದು, ಕೋಲೂರಿ ಬಂದ ಅಜ್ಜನಿರಬಹುದು. ‘ಇದೂ ಪಾದಪೂಜೆಯೇ?’ ಎಂದು ಹೊಸಬರು ನನ್ನನ್ನು ಕೇಳುವುದುಂಟು. ಒಳ್ಳೆಯ ಪ್ರಶ್ನೆ. ಅಲ್ಲಿಂದಲೇ ಶುರುಮಾಡೋಣ.

ಪಾದಪೂಜೆಯಲ್ಲಿ ಶಿಷ್ಯ ಗುರುವಿನ ಕಾಲು ತೊಳೆಯುತ್ತಾನೆ. ಮದುವೆಯಲ್ಲಿ ಹೆಣ್ಣಿನ ತಂದೆತಾಯಿ ಅಳಿಯನ ಕಾಲು ತೊಳೆಯುತ್ತಾರೆ. ಯಾರನ್ನು ಮೇಲೆಂದು ಎಣಿಸುತ್ತೇವೋ ಅವರ ಕಾಲಿಗೆ ನೀರು. ಈ ವಿಧಿಯಲ್ಲಿ ಮಂಡಿಯೂರುವವರೇ ಗುರುಗಳು, ಕುರ್ಚಿಯಲ್ಲಿ ಕೂತವರು ಅವರ ಜನ. ದಿಕ್ಕು ಪೂರ್ತಿ ಬದಲಾಗಿದೆ. ಯಾಕೆ ಬದಲಾಯಿತು ಎಂದು ತಿಳಿಯಲು ಯೇಸು ಶಿಷ್ಯರ ಜೊತೆ ಮಾಡಿದ ಕೊನೆಯ ರಾತ್ರಿಯ ಊಟದ ಕಥೆ ಗೊತ್ತಿರಬೇಕು.

ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳು ನಾಲ್ಕು. ಪಾದ ತೊಳೆದ ಪ್ರಸಂಗ ಇರುವುದು ಯೋಹಾನನ ಸುವಾರ್ತೆಯಲ್ಲಿ ಮಾತ್ರ, 13ನೇ ಅಧ್ಯಾಯದಲ್ಲಿ. ಉಳಿದ ಮೂವರು ಆ ಊಟದಲ್ಲಿ ಯೇಸು ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಶಿಷ್ಯರಿಗೆ ಕೊಟ್ಟದ್ದನ್ನು ಬರೆಯುತ್ತಾರೆ. ಯೋಹಾನ ಅದನ್ನು ಬಿಟ್ಟು ಇದನ್ನು ಹೇಳುತ್ತಾನೆ. ಅದೇ ಊಟದಲ್ಲಿ ಶಿಷ್ಯರ ನಡುವೆ ತಮ್ಮಲ್ಲಿ ಯಾರು ದೊಡ್ಡವರು ಎಂಬ ಜಗಳ ಎದ್ದಿತೆಂದು ಲೂಕನ ಸುವಾರ್ತೆ ತಿಳಿಸುತ್ತದೆ. ಎರಡನ್ನೂ ಜೊತೆಗಿಟ್ಟು ಓದಿದರೆ ಆ ಕೋಣೆ ಕಣ್ಣಿಗೆ ಕಟ್ಟುತ್ತದೆ.

ಆ ಕಾಲದ ದಾರಿಗಳು ಧೂಳಿನವು, ಕಾಲಲ್ಲಿ ಬರೀ ಪಟ್ಟಿ ಚಪ್ಪಲಿ. ಮನೆಗೆ ಬಂದವರಿಗೆ ಕಾಲು ತೊಳೆಯಲು ನೀರು ಕೊಡುವುದು ಮರ್ಯಾದೆ. ಬೈಬಲಿನ ಮೊದಲ ಪುಸ್ತಕದಲ್ಲಿ ಅಬ್ರಹಾಮನು ಮೂವರು ಅತಿಥಿಗಳಿಗೆ ಹಾಗೆಯೇ ನೀರು ತರಿಸುತ್ತಾನೆ. ನಮ್ಮ ಹಳ್ಳಿಗಳಲ್ಲಿ ಬಾಗಿಲಿಗೆ ಚೊಂಬಿನ ನೀರು ತಂದಿಡುವಂತೆಯೇ. ಒಂದು ವಿಷಯ ಗಮನಿಸಿ: ನೀರು ಕೊಡುವುದು ಯಜಮಾನ, ತೊಳೆದುಕೊಳ್ಳುವುದು ಅತಿಥಿಯೇ. ಇನ್ನೊಬ್ಬರ ಕಾಲನ್ನು ಕೈಯಿಂದ ಮುಟ್ಟಿ ತೊಳೆಯುವುದು ಗುಲಾಮರ ಪಾಲಿನ ಕೆಲಸ. ಯೆಹೂದಿ ಗುಲಾಮನಿಗೆ ಅದನ್ನು ಹೇಳಕೂಡದು ಎನ್ನುವ ಮಾತು ಯೆಹೂದಿ ಗುರುಗಳ ಹಳೆಯ ವ್ಯಾಖ್ಯಾನದಲ್ಲಿದೆ. ಅಷ್ಟು ಕೀಳೆಂದು ಎಣಿಸಿದ ಕೆಲಸ.

ಊಟಕ್ಕೆ ಅವರು ಒಂದು ಮಗ್ಗುಲಿಗೆ ಒರಗಿ, ಕಾಲನ್ನು ಹಿಂದಕ್ಕೆ ಚಾಚಿ ಕೂತಿದ್ದರು. ಯೇಸು ಊಟದ ನಡುವೆ ಎದ್ದು, ಮೇಲುಡುಗೆ ತೆಗೆದಿಟ್ಟು, ಟವೆಲ್ ಕಟ್ಟಿ, ಬೋಗುಣಿಗೆ ನೀರು ಹಾಕಿ ಒಬ್ಬೊಬ್ಬರದಾಗಿ ತೊಳೆಯುತ್ತಾ ಬಂದ. ಶಿಷ್ಯರಲ್ಲೊಬ್ಬನಾದ ಯೂದನೂ ಅಲ್ಲಿದ್ದ. ಅವನು ತನ್ನನ್ನು ಹಿಡಿದುಕೊಡುತ್ತಾನೆಂದು ಯೇಸುವಿಗೆ ತಿಳಿದಿತ್ತು ಎಂದೇ ಯೋಹಾನ ಬರೆಯುತ್ತಾನೆ. ಯೂದ ಎದ್ದು ಹೊರಗೆ ಹೋದದ್ದು ಇದೆಲ್ಲ ಆದ ಮೇಲೆ. ಅಂದರೆ ಆ ಎರಡು ಕಾಲುಗಳನ್ನೂ ಯೇಸು ತೊಳೆದಿದ್ದ.

ಆದರೆ ಹೊಸಬರು ನಿಧಾನವಾಗಿ ನೋಡಬೇಕಾದದ್ದು ಇನ್ನೊಬ್ಬ ಶಿಷ್ಯ ಪೇತ್ರನನ್ನು. ಅವನು ಒಪ್ಪಲಿಲ್ಲ. ನೀವು ನನ್ನ ಪಾದ ತೊಳೆಯುವುದೇ, ಎಂದಿಗೂ ಬೇಡ ಎಂದ. ಮೇಲ್ನೋಟಕ್ಕೆ ಇದು ವಿನಯ. ತೊಳೆಯಗೊಡದಿದ್ದರೆ ನನ್ನೊಂದಿಗೆ ನಿನಗೆ ಪಾಲಿಲ್ಲ ಎಂಬರ್ಥದ ಮಾತನ್ನು ಯೇಸು ಆಡಿದ. ಕೂಡಲೇ ಪೇತ್ರ, ಹಾಗಿದ್ದರೆ ಕೈ ತಲೆಯನ್ನೂ ತೊಳೆಯಿರಿ ಎಂದುಬಿಟ್ಟ. ನನಗೆ ಈ ಇಡೀ ವಿಧಿಯ ತಿರುಳು ಇಲ್ಲಿದೆ ಅನ್ನಿಸುತ್ತದೆ. ಸೇವೆ ಮಾಡುವವರು ಎಷ್ಟೇ ಬಗ್ಗಿದರೂ ಕೊಡುವ ಕೈ ಅವರದೇ. ತೊಳೆಸಿಕೊಳ್ಳುವವರು ಮಾತ್ರ ಬಿರುಕು ಬಿಟ್ಟ ಹಿಮ್ಮಡಿಯನ್ನೂ ಕಪ್ಪಾದ ಉಗುರನ್ನೂ ಇನ್ನೊಬ್ಬರ ಕೈಗೆ ಒಪ್ಪಿಸಿ ಸುಮ್ಮನೆ ಕೂರಬೇಕು. ಹಿಂದಿನ ಸಂಜೆಯೇ ಮನೆಯಲ್ಲಿ ಸೋಪು ಹಚ್ಚಿ ಕಾಲುಜ್ಜಿಕೊಂಡು ಬರುವವರನ್ನು ನಾನು ಕಂಡಿದ್ದೇನೆ. ಅವರನ್ನು ತಪ್ಪೆನ್ನಲಾರೆ. ಪೇತ್ರ ಬೇಡವೆಂದದ್ದೂ ಅದೇ ಸಂಕೋಚದಿಂದ ಇರಬಹುದು.

ಮುಂದಿನ ಇತಿಹಾಸವನ್ನು ಚಿಕ್ಕದಾಗಿ ಹೇಳುತ್ತೇನೆ. ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ಮಠಗಳಿಗೆ ಬರೆದ ನಿಯಮದಂತೆ, ಅಡುಗೆಮನೆಯ ಸರದಿ ಮುಗಿಸಿದವನೂ ಹೊಸದಾಗಿ ಹಿಡಿಯುವವನೂ ಸೇರಿ ಶನಿವಾರ ಎಲ್ಲರ ಕಾಲು ತೊಳೆಯಬೇಕು. ಒರೆಸಿದ ಬಟ್ಟೆಗಳನ್ನು ಸರದಿ ಮುಗಿಸಿದವನು ಒಗೆದಿಡಬೇಕು. ಒಗೆಯುವುದನ್ನೂ ಮರೆಯದ ಆ ನಿಯಮ ನನಗೆ ಬಹಳ ಇಷ್ಟ. ಕಥೋಲಿಕರಲ್ಲಿ ಊರಿನ ಚರ್ಚುಗಳ ಗುರುವಾರದ ಬಲಿಪೂಜೆಯೊಳಗೇ ಈ ವಿಧಿಯನ್ನು ನಡೆಸಲು ದಾರಿಯಾದದ್ದು ಹನ್ನೆರಡನೇ ಪಿಯೂಸ್ ಪೋಪರ 1955ರ ಸುಧಾರಣೆಯಿಂದ. ಕೂರಿಸಲು ಗಂಡಸರನ್ನೇ ಆರಿಸಬೇಕೆಂಬ ನಿಯಮವಿತ್ತು. ಪೋಪ್ ಫ್ರಾನ್ಸಿಸ್ 2013ರಲ್ಲಿ ರೋಮಿನ ಕಾಸಲ್ ದೆಲ್ ಮಾರ್ಮೊ ಬಾಲಾಪರಾಧಿಗಳ ಕೇಂದ್ರಕ್ಕೆ ಹೋಗಿ ಹನ್ನೆರಡು ಮಂದಿಯ ಕಾಲು ತೊಳೆದರು. ಅವರಲ್ಲಿ ಇಬ್ಬರು ಯುವತಿಯರು, ಮುಸ್ಲಿಮರೂ ಇದ್ದರು. 2016ರ ಆದೇಶದಿಂದ ನಿಯಮವೇ ಬದಲಾಗಿ ಹೆಂಗಸರಿಗೂ ಜಾಗವಾಯಿತು. 2024ರಲ್ಲಿ ಮಂಡಿಯೂರಲಾಗದ ಫ್ರಾನ್ಸಿಸ್ ರೆಬಿಬ್ಬಿಯಾ ಜೈಲಿನಲ್ಲಿ ಹನ್ನೆರಡು ಹೆಂಗಸರನ್ನು ಎತ್ತರದ ಜಾಗದಲ್ಲಿ ಕೂರಿಸಿ, ಗಾಲಿಕುರ್ಚಿಯಿಂದಲೇ ತೊಳೆದರು.

1708ರಲ್ಲಿ ಜರ್ಮನಿಯ ಶ್ವಾರ್ಟ್ಸೆನಾವ್‌ನಲ್ಲಿ ಹುಟ್ಟಿದ ಬ್ರೆದರನ್ ಸಭೆಯವರಲ್ಲಿ ಬೇರೊಂದು ರೀತಿಯಿದೆ. ಅಲ್ಲಿ ಎಲ್ಲರ ಪರವಾಗಿ ಕೆಲವರನ್ನು ಆರಿಸಿ ಕೂರಿಸುವುದಿಲ್ಲ. ಪಕ್ಕದವರು ನಿಮ್ಮ ಕಾಲು ತೊಳೆದು ಒರೆಸುತ್ತಾರೆ, ಎದ್ದು ಅಪ್ಪಿಕೊಳ್ಳುತ್ತಾರೆ. ಆಮೇಲೆ ನೀವು ಟವೆಲ್ ಕಟ್ಟಿ ಮುಂದಿನವರ ಕಾಲು ಹಿಡಿಯುತ್ತೀರಿ. ಸೆವೆಂತ್ ಡೇ ಅಡ್ವೆಂಟಿಸ್ಟರು, ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನಕ್ಕೆ ಮುಂಚೆ, ಇಬ್ಬಿಬ್ಬರಾಗಿ ಪರಸ್ಪರ ತೊಳೆಯುತ್ತಾರೆ. ಒಬ್ಬರ ಕಾಲನ್ನೊಬ್ಬರು ತೊಳೆಯಿರಿ ಎಂದಿದ್ದ ಯೇಸುವಿನ ಮಾತಿಗೆ ಈ ರೀತಿಯೇ ಹೆಚ್ಚು ಹತ್ತಿರ ಎಂದು ಕಥೋಲಿಕಳಾದ ನಾನೂ ಒಪ್ಪುತ್ತೇನೆ. ಯಾರು ಯಾರನ್ನು ಮುಟ್ಟಬಹುದು ಎಂದು ಲೆಕ್ಕವಿಟ್ಟ ನಮ್ಮ ಸಮಾಜದಲ್ಲಂತೂ, ಪಕ್ಕದವರ ಕಾಲನ್ನು ಕೈಯಲ್ಲಿ ಹಿಡಿಯುವುದು, ತನ್ನದನ್ನು ಅವರ ಕೈಗೆ ಕೊಡುವುದು ಸಣ್ಣ ಸಂಗತಿಯಲ್ಲ.

ಈಸ್ಟರಿಗೆ ಮುಂಚಿನ ಗುರುವಾರ ನೀವು ಬಂದು ಹಿಂದಿನ ಬೆಂಚಿನಲ್ಲಿ ಕೂತು ನೋಡಬಹುದು, ಯಾರೂ ಒತ್ತಾಯ ಮಾಡುವುದಿಲ್ಲ. ಗುರುಗಳ ಕೈ ನೋಡುವಷ್ಟೇ ಹೊತ್ತು ಕುರ್ಚಿಯಲ್ಲಿ ಕೂತವರ ಮುಖವನ್ನೂ ನೋಡಿ. ಯಾವತ್ತಾದರೂ ಒಂದು ಕುರ್ಚಿ ಖಾಲಿಯಿದ್ದು ನಿಮ್ಮನ್ನೇ ಕರೆದರೆ, ‘ಅಯ್ಯೋ, ನನ್ನ ಕಾಲೇ’ ಎಂದು ಹಿಂಜರಿಯಬೇಡಿ. ಚಪ್ಪಲಿ ಬಿಟ್ಟು ಬನ್ನಿ, ಕೂತುಕೊಳ್ಳಿ.